ಎಂಟು ಆಜ್ಞೆ

ಆಸ್ಪತ್ರೆಯ ಬಟ್ಟೆ ಒಗೆಯುವ ಕಾರ್ಖಾನೆಗೆ ತಾಯಿ ಮಗಳು ಒಂದೇ ದಿನ ಸೇರಿದ್ದರು. ಊರು ಹೊಸದು, ಭಾಷೆ ಹೊಸದು. ಹದಿನೆಂಟರ ಮಗಳಿಗೆ ಆರು ತಿಂಗಳಲ್ಲಿ ಅದು ತಾನಾಗಿಯೇ ಬಂತು. ಯಾರೂ ಕಲಿಸಲಿಲ್ಲ, ಹಾಸಿಗೆ ಬಟ್ಟೆ ಮಡಚುತ್ತಾ ಸುತ್ತಲಿನವರ ಜಗಳ ಕೇಳಿಸಿಕೊಂಡಳು, ಅಷ್ಟೇ. ಐವತ್ತೆರಡರ ಅಮ್ಮನಿಗೆ ಮಾತ್ರ ಕಬ್ಬಿಣದ ಕಡಲೆ.

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇನೇ? ನನ್ನ ನಾಲಿಗೆ ಈಗ ಮರ."

"ಮರಾನೋ, ಕೊರಡೋ?"

"ಮುಚ್ಚೇ ಬಾಯಿ, ಕತ್ತೆ."

ಕಳೆದ ತಿಂಗಳು ಇಸ್ತ್ರಿ ಯಂತ್ರದ ಬಿಸಿ ರೋಲರ್ ಒಬ್ಬ ಹೆಂಗಸಿನ ಕೈಯನ್ನು ಮೊಣಕೈವರೆಗೆ ಎಳೆದುಕೊಂಡಿತ್ತು. "ಬಟ್ಟೆ ಬಿಡು, ಹಿಂದೆ ಸರಿ" ಎಂದು ಎಲ್ಲರೂ ಕೂಗಿದ್ದರು. ಅವಳೂ ಹೊರಗಿನವಳು, ಕೂಗು ಅರ್ಥವಾಗಿರಲಿಲ್ಲ. ಅಂದಿನಿಂದ ಹೊಸ ನಿಯಮ ಬಂತು: ಎಂಟು ಆಜ್ಞೆಗಳನ್ನು ಕೇಳಿದ ಕೂಡಲೇ ಮಾಡಿ ತೋರಿಸಿದವರಿಗಷ್ಟೇ ಕೆಲಸ.

ಅಮ್ಮ ಮಗ್ಗಿಯಂತೆ ಉರು ಹೊಡೆದಳು. ಬಿಡು, ನಿಲ್ಲು, ಹಿಂದೆ ಸರಿ, ಕೆಂಪು ಗುಂಡಿ ಒತ್ತು... ಪಾತ್ರೆ ತಿಕ್ಕುವಾಗಲೂ ಅದೇ, ಬಸ್ಸಿನಲ್ಲೂ ಅದೇ. ನಡುವಿನದ್ದು ಕೇಳಿದರೆ ಮಾತ್ರ ಮೊದಲಿನಿಂದ ಹೇಳಿಕೊಂಡು ಬರಬೇಕಿತ್ತು.

"ಅಮ್ಮಾ, ಅವರು ಸಾಲಾಗಿ ಕೇಳಲ್ಲ."

"ಕೇಳ್ತಾರೆ ಬಿಡೇ. ಪಾಠ ಅಂದ್ಮೇಲೆ ಅದಕ್ಕೊಂದು ಸಾಲು ಇರುತ್ತೆ."

ಪರೀಕ್ಷೆಯ ದಿನ ಯಂತ್ರ ನಿಲ್ಲಿಸಿದ್ದರು. ಮೇಲ್ವಿಚಾರಕಿ ಚೀಟಿ ಹಿಡಿದು ನಿಂತಳು. ಅವಳ ಬೆನ್ನ ಹಿಂದೆ, ಬಟ್ಟೆ ಮಡಚುವ ಮೇಜಿನ ಬಳಿ, ಮಗಳು.

ಮೊದಲು ಕೇಳಿದ್ದೇ ಏಳನೆಯದು: ಕೈ ಮೇಲೆತ್ತು. ಅಮ್ಮನ ತುಟಿ ಅಲುಗತೊಡಗಿತು. ಒಂದರಿಂದ ಏಳಕ್ಕೆ ಬರುವಷ್ಟರಲ್ಲಿ ಮೇಲ್ವಿಚಾರಕಿ "ಹಿಂದೆ ಸರಿ" ಎಂದಾಗಿತ್ತು. ಅಮ್ಮ ಆಗ ಕೈ ಎತ್ತಿದಳು. ಎತ್ತಿದ ಕೈ ಇಳಿಸದೆ ಮಗಳ ಕಡೆ ನೋಡಿದಳು.

ಒಂದು ಸನ್ನೆ ಸಾಕಿತ್ತು. ಮಗಳ ಬೆರಳುಗಳು ಅರ್ಧ ಎದ್ದವು. ಆದರೆ ಆ ಹೆಂಗಸಿನ ಕೈ ಬೆಂದ ವಾಸನೆ ಮೂಗಿನಿಂದ ಇನ್ನೂ ಹೋಗಿರಲಿಲ್ಲ. ನಾಳೆ ಯಂತ್ರ ಓಡುತ್ತಿರುವಾಗ ಸನ್ನೆ ಮಾಡಲು ಪಕ್ಕದಲ್ಲಿ ಯಾರಿರುತ್ತಾರೆ? ಅವಳು ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡಳು.

ಎಂಟರಲ್ಲಿ ಎರಡು ಸರಿ. ಮೇಲ್ವಿಚಾರಕಿ ಕೆಟ್ಟವಳಲ್ಲ, ಅಮ್ಮನ ಭುಜ ತಟ್ಟಿ, ಮಗಳ ಕಡೆ ತಿರುಗಿದಳು. "ನಿಮ್ಮ ಭಾಷೇಲಿ ನೀನೇ ಹೇಳಿಬಿಡಮ್ಮ. ನಾಳೆಯಿಂದ ಬರೋದು ಬೇಡ."

ಭುಜ ತಟ್ಟಿದ್ದಕ್ಕೆ ಅಮ್ಮನ ಮುಖ ಅರಳಿತ್ತು. "ಏನಂತೆ? ಪಾಸಂತಾ?"

"ನಾಳೆಯಿಂದ ಬರೋದು ಬೇಡ ಅಂತೆ, ಅಮ್ಮಾ."

ಅಮ್ಮ ತಲೆಗೆ ಕಟ್ಟಿದ್ದ ಬಟ್ಟೆಯನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ ಮೇಜಿನ ಮೇಲಿಟ್ಟಳು.

"ನಿನ್ನ ಕೈಗೆ ಏನು ಬಂದಿತ್ತೇ?"

ಅಮ್ಮ ಒಬ್ಬಳೇ ಹೊರಟಳು.

ಆ ಊರಿನಲ್ಲಿ ಅಮ್ಮನಿಗೆ ಮಾತಾಡಲು ಇದ್ದವಳು ಮಗಳೊಬ್ಬಳೇ. ಸಂಜೆ ಮಗಳು ಬಂದಾಗ ಅಮ್ಮ ತಟ್ಟೆಗೆ ಬಡಿಸಿಟ್ಟು, ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. "ಅಮ್ಮಾ" ಎಂದು ಎರಡು ಸಲ ಕರೆದಳು. ಅಮ್ಮನಿಗೆ ನಿದ್ದೆ ಬಂದಿರಲಿಲ್ಲ, ಅದು ಮಗಳಿಗೆ ಗೊತ್ತಿತ್ತು.