ಬಾಗಿಲ ಬಳಿ ಇಟ್ಟ ಪೆಟ್ಟಿಗೆ

ಆ ಬೀದಿಯಲ್ಲಿ ಸಂಜೆಯಾದರೆ ಸಾಕು, ಮನೆ ಮನೆಯಿಂದಲೂ ನೋವಿನ ಮುಲಾಮಿನ ವಾಸನೆ ಬರುತ್ತಿತ್ತು. ಬೀದಿಯ ಮುಕ್ಕಾಲು ಪಾಲು ಜನ ಪಾರ್ಸೆಲ್ ಗೋಡೌನಿನಲ್ಲಿ ಲಾರಿ, ವ್ಯಾನು ತುಂಬುವವರು. ಒಬ್ಬರಿಗೆ ಸೊಂಟ, ಒಬ್ಬರಿಗೆ ಭುಜ, ಇನ್ನೊಬ್ಬರಿಗೆ ಮಂಡಿ. "ಈ ಕೆಲ್ಸ ಅಂದ್ಮೇಲೆ ಇದೆಲ್ಲ ಇದ್ದದ್ದೇ" ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು.

ಹಾಗೆ ಹೇಳುವವರಲ್ಲಿ ಮೊದಲಿಗ ಗೋಡೆಯಣ್ಣ. ಇಪ್ಪತ್ತೆಂಟು ವರ್ಷದಿಂದ ಅದೇ ಗೋಡೌನಿನಲ್ಲಿ ದುಡಿಯುತ್ತಿದ್ದವನು. ಅವನು ಜೋಡಿಸಿದ ಪೆಟ್ಟಿಗೆಗಳ ಸಾಲು ಗೋಡೆ ಕಟ್ಟಿದ ಹಾಗೆ ನಿಲ್ಲುತ್ತಿತ್ತು, ಅದಕ್ಕೇ ಆ ಹೆಸರು. ಈಗಿನ ಹೊಸ ಕಟ್ಟಡ ಕಂಡರೆ ಅವನಿಗೆ ಅಷ್ಟಕ್ಕಷ್ಟೆ. ಮಾತೆತ್ತಿದರೆ ಹಳೆಯ ತಗಡಿನ ಶೆಡ್ಡಿನ ನೆನಪು. ಆಗ ಪಾರ್ಸೆಲ್ಲುಗಳನ್ನು ಬಟ್ಟೆಯಲ್ಲಿ ಹೊಲಿದು, ಮೇಲೆ ಕೈಯಲ್ಲೇ ವಿಳಾಸ ಬರೆದು ಕಳಿಸುತ್ತಿದ್ದರು. ಅಕ್ಷರ ನೋಡಿಯೇ "ಇದು ಅಮ್ಮ ಮಗನಿಗೆ ಕಳ್ಸಿದ್ದು, ಇದು ಹೊಸ ಗಂಡ ಹೆಂಡ್ತಿಗೆ ಕಳ್ಸಿದ್ದು" ಎಂದು ಅವನೂ ಅವನ ಜೊತೆಗಾರ ಸಿಳ್ಳೆಯಣ್ಣನೂ ಪಂದ್ಯ ಕಟ್ಟುತ್ತಿದ್ದರು. ಭಾರದ ಪೆಟ್ಟಿಗೆ ಬಂದರೆ ಇಬ್ಬರೂ ಎರಡು ತುದಿ ಹಿಡಿಯುವುದು. ಸಿಳ್ಳೆಯಣ್ಣ ಒಂದು ಸಿಳ್ಳೆ ಹಾಕಿದರೆ ಒಟ್ಟಿಗೆ ಎತ್ತುವುದು, ಇನ್ನೊಂದಕ್ಕೆ ಒಟ್ಟಿಗೆ ಇಳಿಸುವುದು.

ಆ ಕಾಲದ ಕಥೆಗಳಲ್ಲಿ ಗೋಡೆಯಣ್ಣನಿಗೆ ತುಂಬ ಪ್ರಿಯವಾದದ್ದು ಬಟ್ಟೆ ಬೇಲಿನ, ಎಂದರೆ ಬಿಗಿದು ಕಟ್ಟಿದ ಬಟ್ಟೆ ಮೂಟೆಯ, ಕಥೆ. ಒಂದು ದಿನ ಸಿಳ್ಳೆಯಣ್ಣ ಹಟಕ್ಕೆ ಬಿದ್ದು, ಇಬ್ಬರು ಹೊರುವ ದೊಡ್ಡ ಬಟ್ಟೆ ಬೇಲನ್ನು ಒಬ್ಬನೇ ಎತ್ತಿ ಲಾರಿಗೆ ಹಾಕಿದ್ದ. ಆಮೇಲೆ ನೆಲಕ್ಕೆ ಕೂತು ಕಣ್ಣಲ್ಲಿ ನೀರು ಬರುವ ತನಕ ನಕ್ಕಿದ್ದ. "ಅಂಥ ದಮ್ಮು ಈಗ ಯಾರಿಗಿದೆ?" ಎಂದು ಗೋಡೆಯಣ್ಣ ಸಿಕ್ಕವರಿಗೆಲ್ಲ ಹೇಳುತ್ತಿದ್ದ. ಅದಾದ ಸ್ವಲ್ಪ ದಿನಕ್ಕೇ ಸಿಳ್ಳೆಯಣ್ಣ ಬೇರೆ ಊರಿಗೆ ಹೋಗಿಬಿಟ್ಟಿದ್ದ.

ಹನ್ನೊಂದು ವರ್ಷದ ಮೇಲೆ, ಒಂದು ಸೋಮವಾರ, ಅದೇ ಸಿಳ್ಳೆಯಣ್ಣ ಗೋಡೌನಿನ ಬಾಗಿಲಲ್ಲಿ ನಿಂತಿದ್ದ. ಕೂದಲು ಪೂರ್ತಿ ನೆರೆತಿತ್ತು. ಲೋಡಿಂಗ್ ಕಲಿಸಲು ಕಂಪನಿಯೇ ಅವನನ್ನು ಕಳಿಸಿತ್ತು.

ಗೋಡೆಯಣ್ಣ ಓಡಿಹೋಗಿ ತಬ್ಬಿಕೊಂಡ. "ಲೇ, ಪಾಠ ಹೇಳೋ ಮೇಷ್ಟ್ರು ನೀನೇನೋ?"

"ಹೂಂ ಕಣೋ. ಮೊದಲನೇ ದಡ್ಡ ವಿದ್ಯಾರ್ಥಿ ನೀನು."

ಎಲ್ಲರೂ ನಕ್ಕರು. ಆದರೆ ಪಾಠ ಶುರುವಾದಾಗ ಗೋಡೆಯಣ್ಣನ ಮುಖ ಗಂಟಿಕ್ಕಿತು.

"ಕೊನೇಗೆ ಇಳ್ಸೋದು ಮೊದಲು ಒಳಗೆ ಹೋಗ್ಲಿ" ಎಂದ ಸಿಳ್ಳೆಯಣ್ಣ. "ಭಾರದ್ದು ತಳಕ್ಕೆ, ಹಗುರದ್ದು ಮೇಲಕ್ಕೆ. ಇಟ್ಟಿಗೆ ಕಟ್ಟೋ ಹಾಗೆ ಎರಡರ ಸಂದಿ ಮೇಲೆ ಇನ್ನೊಂದನ್ನ ಕೂರ್ಸಿ. ಮಧ್ಯೆ ಖಾಲಿ ಬಿಡ್ಬೇಡಿ. ಒಂದೊಂದು ಸಾಲು ಮುಗಿದ್ಮೇಲೂ ಪೆಟ್ಟಿಗೆ ಜಾರದ ಹಾಗೆ ಅಡ್ಡಕ್ಕೆ ಪಟ್ಟಿ ಬಿಗೀರಿ. ಎತ್ತುವಾಗ ಸೊಂಟ ಬಗ್ಸಬೇಡಿ, ಮಂಡಿ ಮಡಚಿ, ಭಾರದ್ದನ್ನ ಇಬ್ಬರು ಹಿಡೀರಿ. ಗಾಡಿ ಹತ್ತೋ ಮುಂಚೆ ಎಂಜಿನ್ ಆಫ್ ಆಗಿದ್ಯಾ, ಚಕ್ರ ಉರುಳದ ಹಾಗೆ ಅಡ್ಡ ಕೊಟ್ಟಿದ್ದಾರಾ ನೋಡಿ."

"ಇಷ್ಟೆಲ್ಲ ಮಾಡ್ತಾ ಕೂತ್ರೆ ಗಾಡಿ ನಾಳೆ ಹೊರಡುತ್ತೆ!" ಎಂದ ಗೋಡೆಯಣ್ಣ. "ಆಗ ನಾವೇನು ಪಟ್ಟಿ ಬಿಗೀತಿದ್ವಾ? ಒಬ್ಬನೇ ಬೇಲು ಎತ್ತಿದವನು ನೀನು. ನಿನ್ನ ಬಾಯಲ್ಲಿ ಇಂಥ ಮಾತಾ?"

ಸಿಳ್ಳೆಯಣ್ಣ ಸೊಂಟದ ಮೇಲೆ ಕೈಯಿಟ್ಟುಕೊಂಡು ಮುಂದಿನ ಪೆಟ್ಟಿಗೆಯ ಕಡೆ ತಿರುಗಿದ.

ಗೋಡೆಯಣ್ಣನ ಮಗಳು ಪುಟ್ಟಿ ಅದೇ ಗೋಡೌನಿನ ವ್ಯಾನ್ ಓಡಿಸಿಕೊಂಡು ಮನೆ ಮನೆಗೆ ಪಾರ್ಸೆಲ್ ತಲುಪಿಸುತ್ತಿದ್ದಳು. ಅವಳ ವ್ಯಾನನ್ನು ಬೇರೆ ಯಾರೂ ಮುಟ್ಟುವಂತಿಲ್ಲ, ಅಪ್ಪನೇ ತುಂಬಬೇಕು. ಮಂಗಳವಾರ ಎಲ್ಲ ತುಂಬಿ ಮುಗಿದ ಮೇಲೆ ನೀರೆತ್ತುವ ಪಂಪಿನ ಪೆಟ್ಟಿಗೆಯೊಂದು ತಡವಾಗಿ ಬಂತು. ತಳದಲ್ಲಿ ಇಡಬೇಕೆಂದರೆ ಹನ್ನೆರಡು ಪೆಟ್ಟಿಗೆ ಇಳಿಸಬೇಕು. ಹಿಂದಿನ ಗಾಡಿಯವನು ಹಾರ್ನ್ ಮೇಲೆ ಹಾರ್ನ್ ಹೊಡೆಯುತ್ತಿದ್ದ. ಗೋಡೆಯಣ್ಣ ಅದನ್ನು ಎದೆಯೆತ್ತರದ ಸಾಲಿನ ಮೇಲೆ, ಬಾಗಿಲ ಪಕ್ಕದಲ್ಲೇ ತುರುಕಿದ. ಪಟ್ಟಿ ಬಿಗಿಯಲಿಲ್ಲ. ಬಾಗಿಲನ್ನು ಒತ್ತಿ ಹಾಕಿ, "ಹೊರಡು ಮಗಳೇ" ಎಂದು ವ್ಯಾನನ್ನು ಎರಡು ಸಲ ತಟ್ಟಿದ.

ಹನ್ನೊಂದು ಗಂಟೆಗೆ ಫೋನ್ ಬಂತು. ಮೂರನೇ ಮನೆಯ ಮುಂದೆ ಪುಟ್ಟಿ ವ್ಯಾನಿನ ಬಾಗಿಲು ತೆಗೆದಿದ್ದೇ ತಡ, ದಾರಿಯ ಕುಲುಕಾಟಕ್ಕೆ ಸಡಿಲವಾಗಿದ್ದ ಪಂಪಿನ ಪೆಟ್ಟಿಗೆ ಜಾರಿ ಅವಳ ಪಾದದ ಮೇಲೆ ಬಿದ್ದಿತ್ತು. ಎರಡು ಮೂಳೆ ಮುರಿದಿದ್ದವು.

ಆಸ್ಪತ್ರೆಯಲ್ಲಿ ಅವಳ ಕಾಲಿಗೆ ಆಗಲೇ ಪ್ಲಾಸ್ಟರ್ ಹಾಕಿದ್ದರು. ಗೋಡೆಯಣ್ಣ ಮಂಚದ ಪಕ್ಕ ನಿಂತ.

"ಅಪ್ಪಾ, ಬಾಗಿಲು ತೆಗೆಯುವಾಗ ನಾನೇ ಸರಿಯಾಗಿ ನೋಡ್ಲಿಲ್ಲ ಅಂತ ಆಫೀಸಿಗೆ ಹೇಳಿದ್ದೀನಿ" ಎಂದಳು ಪುಟ್ಟಿ ಮೆಲ್ಲಗೆ. "ನೀನು ಬಾಯಿ ಬಿಡ್ಬೇಡ."

"ಯಾಕಮ್ಮಾ ಸುಳ್ಳು ಹೇಳ್ದೆ?"

"ಇಷ್ಟು ವರ್ಷದಲ್ಲಿ ನಿನ್ನ ಸಾಲು ಒಂದ್ಸಲಾನೂ ಬಿದ್ದಿಲ್ಲ ಅಂತ ಎಲ್ಲರ ಹತ್ರ ಹೇಳ್ಕೋತೀಯಲ್ಲಪ್ಪಾ."

ಗೋಡೆಯಣ್ಣ ಮುಖ ತಿರುಗಿಸಿಕೊಂಡು ವರಾಂಡಕ್ಕೆ ಹೋದ.

ಸಂಜೆ ಸಿಳ್ಳೆಯಣ್ಣ ಮನೆಗೆ ಬಂದ. "ಅಣ್ಣಾ, ನೀವಾದ್ರೂ ಹೇಳಿ. ಇವ್ರು ಬೆಳಗ್ಗಿಂದ ಒಂದು ತುತ್ತು ಬಾಯಿಗಿಟ್ಟಿಲ್ಲ" ಎಂದಳು ಗೋಡೆಯಣ್ಣನ ಹೆಂಡತಿ.

"ನಮ್ಮ ಕಾಲದಲ್ಲಿ ಹೀಗೆಲ್ಲ ಆಗ್ತಿರ್ಲಿಲ್ಲ ಕಣೋ" ಎಂದ ಗೋಡೆಯಣ್ಣ, ನೆಲ ನೋಡುತ್ತ.

"ಆಗ್ತಿತ್ತು. ಆ ಬೇಲಿನ ದಿನ ನಾನು ನಕ್ಕೆ ಅಂತ ಊರೆಲ್ಲ ಹೇಳ್ತೀಯಂತೆ. ಬೆನ್ನಲ್ಲಿ ಏನೋ ಪಟ್ ಅಂತು ಕಣೋ. ಏಳೋಕಾಗ್ಲಿಲ್ಲ. ಎಲ್ಲರೂ ಚಪ್ಪಾಳೆ ಹೊಡೀತಿದ್ರು. ಅಳೋಕೆ ನಾಚಿಕೆಯಾಯ್ತು, ಅದಕ್ಕೆ ನಕ್ಕೆ."

ಗೋಡೆಯಣ್ಣ ತಲೆಯೆತ್ತಿದ. "ಅದಕ್ಕೇ ಊರು ಬಿಟ್ಯಾ?"

"ಇನ್ನು ಭಾರ ಎತ್ತೋಕೆ ನನ್ನ ಕೈಲಾಗಲ್ಲ ಅಂತ ನಿನ್ನ ಮುಂದೆ ಹೇಳೋ ಧೈರ್ಯ ಬರ್ಲಿಲ್ಲ. ಇವತ್ತಿಗೂ ನನ್ನ ಶೂ ಲೇಸು ಹೆಂಡ್ತಿನೇ ಕಟ್ಬೇಕು."

ಗೋಡೆಯಣ್ಣ ಅವನ ಬೆನ್ನಿಗೆ ಒಂದು ದಿಂಬು ಸರಿಸಿದ. ಸಿಳ್ಳೆಯಣ್ಣ ಮುಂದುವರಿಸಿದ: "ಆ ಕಾಲ ಚೆನ್ನಾಗಿತ್ತು, ಸುಳ್ಳಲ್ಲ. ನನಗೂ ನೆನಪಾಗುತ್ತೆ. ಆದ್ರೆ ಚೆನ್ನಾಗಿದ್ದಿದ್ದು ನಾನು ಒಬ್ಬನೇ ಎತ್ತಿದ ದಿನ ಅಲ್ಲ ಕಣೋ. ನಾವಿಬ್ರೂ ಒಟ್ಟಿಗೆ ಎತ್ತಿದ ದಿನಗಳು. ನಾನೀಗ ಕಲಿಸ್ತಿರೋದೂ ಅದನ್ನೇ."

ಮಾರನೆಯ ಬೆಳಿಗ್ಗೆ ಕೆಲಸ ಶುರುವಾಗುವ ಮುಂಚೆ ಗೋಡೆಯಣ್ಣ ಎಲ್ಲರ ಎದುರು ನಿಂತ. ಮ್ಯಾನೇಜರೂ ಅಲ್ಲೇ ಇದ್ದರು.

"ಪುಟ್ಟಿಯದ್ದು ತಪ್ಪಿಲ್ಲ. ಆ ಪೆಟ್ಟಿಗೆ ಮೇಲಿಟ್ಟವನು ನಾನು. ಪಟ್ಟಿ ಬಿಗೀದೆ ಕಳಿಸಿದವನೂ ನಾನೇ" ಎಂದ. ಆಮೇಲೆ ಸಿಳ್ಳೆಯಣ್ಣನ ಕಡೆ ತಿರುಗಿದ. "ತಡವಾಗಿ ಬರೋ ಭಾರದ ಪೆಟ್ಟಿಗೆಗೆ ಏನ್ಮಾಡೋದು? ಅದನ್ನ ಹೇಳ್ಕೊಡು."

"ಗಾಡಿ ಒಳಗೆ, ಬಾಗಿಲ ಹತ್ರ, ತಳದಲ್ಲೇ ಒಂದು ಜಾಗ ಕಾಯ್ದಿಡು. ಬಂದ್ರೆ ಅಲ್ಲಿಡು, ಪಟ್ಟಿ ಬಿಗಿ. ಬರ್ದಿದ್ರೆ ಹಗುರದ್ದು ತುಂಬು. ಜಾಗ ಸಾಲ್ದಿದ್ರೆ ಮುಂದಿನ ಗಾಡಿಗೆ ಹಾಕು. ಪಂಪು ಒಂದು ದಿನ ತಡ ಆದ್ರೆ ಆಕಾಶ ಕಳಚಿ ಬೀಳಲ್ಲ."

ಹಾರ್ನ್ ಹೊಡೆದಿದ್ದ ಚಾಲಕ ತಲೆ ತಗ್ಗಿಸಿದ. ಸಮಯ ಮೀರಿದರೂ ಪಟ್ಟಿ ಬಿಗಿಯದೆ ಯಾವ ಗಾಡಿಯೂ ಹೊರಡಕೂಡದು ಎಂದು ಮ್ಯಾನೇಜರು ಅಲ್ಲೇ ಹೇಳಿದರು.

ಮೊದಲ ವಾರ ಗಾಡಿಗಳು ಕಾಲು ಗಂಟೆ ತಡವಾಗಿ ಹೊರಟವು. ಎರಡನೇ ವಾರ ಕೈ ಪಳಗಿತು. ಇಳಿಸುವ ಕ್ರಮದಲ್ಲೇ ತುಂಬಿದ್ದರಿಂದ ಚಾಲಕರು ಒಂದು ಪಾರ್ಸೆಲ್ಲಿಗಾಗಿ ಇಡೀ ಗಾಡಿ ತಡಕಾಡುವುದು ತಪ್ಪಿತು. ಎಲ್ಲರೂ ಮೊದಲಿಗಿಂತ ಬೇಗ ಮನೆ ಸೇರತೊಡಗಿದರು. ಒಡೆದು ವಾಪಸ್ಸು ಬರುವ ಪೆಟ್ಟಿಗೆಗಳೂ ಕಡಿಮೆಯಾದವು. ಗೋಡೆಯಣ್ಣನ ಹೆಂಡತಿಯಂತೂ ನಲ್ಲಿಯ ಹತ್ತಿರ ಸಿಕ್ಕವರನ್ನೆಲ್ಲ ಹಿಡಿದು, "ನಿಮ್ಮನೆಯವ್ರು ಮಂಡಿ ಮಡಚಿ ಎತ್ತಾರಾ, ಸೊಂಟ ಬಗ್ಸಿ ಎತ್ತಾರಾ?" ಎಂದು ವಿಚಾರಣೆ ಮಾಡುತ್ತಿದ್ದಳು.

ಮೂರು ತಿಂಗಳ ಮೇಲೆ ಪುಟ್ಟಿ ಕೆಲಸಕ್ಕೆ ಬಂದಳು. ನಡಿಗೆಯಲ್ಲಿ ಇನ್ನೂ ಸಣ್ಣ ಕುಂಟು ಉಳಿದಿತ್ತು. ಹೊರಡುವ ಮುಂಚೆ ಅವಳು ಬಾಗಿಲ ಪಕ್ಕಕ್ಕೆ ಸರಿದು ನಿಂತು, ಸ್ವಲ್ಪವೇ ತೆರೆದು, ಒಳಗೆ ಇಣುಕಿ, ಪಟ್ಟಿ ಎಳೆದು ನೋಡಿದಳು.

"ಅಪ್ಪಾ, ನಿನ್ನ ಮೇಲೆ ನಂಬಿಕೆ ಇಲ್ಲ ಅಂತಲ್ಲ..."

"ನೋಡು ಮಗಳೇ, ದಿನಾ ನೋಡು" ಎಂದ ಗೋಡೆಯಣ್ಣ.

ಗಾಡಿ ತುಂಬುವ ಅಣ್ಣಂದಿರೇ, ಅಕ್ಕಂದಿರೇ, ನಾಳೆ ಬೆಳಿಗ್ಗೆ ಮೊದಲ ಪೆಟ್ಟಿಗೆಗೆ ಕೈ ಹಾಕುವ ಮುಂಚೆ ನಿಮ್ಮ ಪಕ್ಕದವರನ್ನು ಕರೆಯಿರಿ. ಭಾರ ಇದ್ದರೆ "ಒಂದು ಕೈ ಕೊಡು" ಎನ್ನಲು ನಾಚಿಕೊಳ್ಳಬೇಡಿ. ಪಟ್ಟಿ ಬಿಗಿದು ಕಳಿಸಿ. ಅಂಗಡಿಯವರೇ, ಪೆಟ್ಟಿಗೆಯ ಮೇಲೆ ಅದರ ತೂಕವನ್ನು ದೊಡ್ಡದಾಗಿ ಬರೆಯಿರಿ. ಮನೆಯಲ್ಲಿ ಪಾರ್ಸೆಲ್ಲಿಗೆ ಕಾಯುತ್ತಿರುವವರೇ, ಅರ್ಧ ಗಂಟೆ ತಡವಾದರೆ ಸಿಡುಕಬೇಡಿ. ನಿಮ್ಮ ಮನೆಗೆ ಸಾಮಾನು ತಂದವರು ತಮ್ಮ ಮನೆಗೂ ನೆಟ್ಟಗೆ ನಡೆದುಕೊಂಡೇ ಹೋಗಲಿ.