ಅಧ್ಯಕ್ಷನ ಅರ್ಧ ತಲೆ

ಬಾಸ್ಟನ್ನಿನ ದಕ್ಷಿಣಕ್ಕಿರುವ ಆ ಊರಿನಲ್ಲಿ ಮಾರ್ಚ್ ಬಂತೆಂದರೆ ಗಂಡಸರಿಗೆ ದಾನದ ಹುರುಪು ಹತ್ತುತ್ತದೆ. ಅಗ್ನಿಶಾಮಕದವರ ಸಭಾಂಗಣದಲ್ಲಿ ಐರಿಶ್ ಹಬ್ಬದ ಹಸಿರು ಅಂಗಿ ತೊಟ್ಟು, ಬಿಯರು ಕುಡಿದು, ವೇದಿಕೆಯ ಮೇಲೆ ಕೂತು ತಲೆ ಬೋಳಿಸಿಕೊಳ್ಳುತ್ತಾರೆ. ಕ್ಯಾನ್ಸರಾದ ಮಕ್ಕಳ ಕೂದಲು ಉದುರುತ್ತದಲ್ಲ, ಅವರಿಗೆ ಜೊತೆಯಾಗಲಿಕ್ಕಂತೆ. ನೆಂಟರಿಷ್ಟರು ಅದಕ್ಕೆ ದುಡ್ಡು ಕೊಡುತ್ತಾರೆ, ದುಡ್ಡು ಸಂಶೋಧನೆಗೆ ಹೋಗುತ್ತದೆ. ಮಕ್ಕಳ ಕೂದಲು ಔಷಧಿಗೆ ಉದುರಿದರೆ ಇವರದು ಚಪ್ಪಾಳೆಗೆ. ನೋರೀನ್ ಟಾರ್ಪಿಗೆ ಇದನ್ನು ನೋಡಿದರೆ ಮೈಯೆಲ್ಲ ಉರಿಯುತ್ತಿತ್ತು. ಆದರೂ ತಪ್ಪದೆ ಬರುತ್ತಿದ್ದಳು, ಯಾಕೆಂದರೆ ಈ ದುಡ್ಡು ಕೂಡಿಸುವ ಸಂಸ್ಥೆಯ ಅನುದಾನವೊಂದಕ್ಕೆ ಅವಳ ಮಗ ಕೋಲಮ್‌ನ ಹೆಸರಿತ್ತು.

ಕೋಲಮ್ ಏಳು ವರ್ಷಕ್ಕೇ ಹೋದ. ಮಿದುಳಿನ ಬುಡದಲ್ಲಿ ಗಡ್ಡೆ. ಅದು ಬಂದ ಮಗು ಉಳಿದದ್ದನ್ನು ಅವಳಾಗಲಿ ಮಗನ ಡಾಕ್ಟರಾಗಲಿ ಕಂಡಿರಲಿಲ್ಲ. ಅದಕ್ಕೇ ಅವನ ಹೆಸರಿನ ದುಡ್ಡು ಆ ಗಡ್ಡೆಯ ಬೆನ್ನು ಹತ್ತಲೆಂದು, ಮುಖ ಕಂಡರಾಗದವರ ಮುಂದೆಯೂ ಹಲ್ಲು ಕಿರಿದು ಕೂಡಿಸುತ್ತಿದ್ದಳು.

ಈ ಸಲ ಬಾಗಿಲಲ್ಲೇ ಸಂಸ್ಥೆಯ ಅಧ್ಯಕ್ಷ ಜೆರಾಲ್ಡ್ ಹ್ಯಾನ್ಲನ್ ಅವಳನ್ನು ತಬ್ಬಿಕೊಂಡ. ಕಾರು ಮಾರುವ ಮೂರು ಅಂಗಡಿಗಳ ಯಜಮಾನ, ಊರಿಗೆಲ್ಲ ಜೆರ್ರಿ. ತಲೆ ತುಂಬ ಬೆಳ್ಳಿ ಕೂದಲು. ಈ ಒಂದು ಸಂಜೆಗಾಗಿ ಅದನ್ನು ವರ್ಷವೆಲ್ಲ ಸಾಕುತ್ತಿದ್ದ.

"ನೋರೀನ್, ಒಳ್ಳೆ ಸುದ್ದಿ ಇದೆ. ಈ ವರ್ಷ ನಮ್ಮ ಕೋಲಮ್ ಅನುದಾನ ರಕ್ತದ ಕ್ಯಾನ್ಸರಿಗೆ. ಕಮಿಟೀಲಿ ಎಲ್ಲರೂ ಒಪ್ಪಿದ್ರು."

"ಅವನಿಗಿದ್ದದ್ದು ರಕ್ತದ್ದಲ್ಲವಲ್ಲ ಜೆರ್ರಿ."

"ಗೊತ್ತಮ್ಮಾ. ಆದ್ರೆ ಆ ಗಡ್ಡೆಗೆ ಇಷ್ಟು ವರ್ಷ ಸುರಿದ್ವಿ, ಜನಕ್ಕೆ ಏನು ತೋರಿಸೋಣ? ರಕ್ತದ್ದಾದ್ರೆ ವಾಸಿಯಾದ ಮಕ್ಕಳು ಸಿಗ್ತಾರೆ, ವೇದಿಕೆ ಮೇಲೆ ಓಡಾಡ್ತಾರೆ. ನಿಮ್ಮ ಕಾಯಿಲೆ ಮಕ್ಕಳನ್ನ ಎಲ್ಲಿಂದ ತರ್ಲಿ, ನೀನೇ ಹೇಳು."

ಸ್ಮಶಾನದಿಂದ ತಾ ಎಂದು ಬಾಯಿಗೆ ಬಂತು, ನುಂಗಿಕೊಂಡಳು. ವಾಸಿಯಾದ ಮಕ್ಕಳ ಮೇಲೆ ಅವಳಿಗೇನು ಹೊಟ್ಟೆಕಿಚ್ಚು? ಅವು ನೂರು ವರ್ಷ ಬಾಳಲಿ. ಆದರೆ ಈ ಮನುಷ್ಯ ಮಕ್ಕಳನ್ನೂ ತನ್ನ ಕಾರುಗಳ ಹಾಗೆ ನೋಡುತ್ತಿದ್ದ. ಹೊಳೆಯುವುದು ಗಾಜಿನ ಮುಂದೆ, ಕೆಟ್ಟು ನಿಂತದ್ದು ಹಿತ್ತಿಲಿಗೆ.

"ಆ ಗಡ್ಡೆ ಮೇಲೆ ಸಂಶೋಧನೆ ಮಾಡ್ತಿರೋ ಡಾಕ್ಟರ್ ವೆಕ್ಸ್ಲರ್ ಇನ್ನೂ ಅರ್ಧ ದಾರೀಲಿದಾಳೆ. ಈಗ ಕೈ ಬಿಟ್ರೆ ಅವಳ ಪ್ರಯೋಗಶಾಲೆ ಬಾಗಿಲು ಹಾಕತ್ತೆ."

"ಇನ್ಯಾರಾದ್ರೂ ಕೊಡ್ತಾರೆ ಬಿಡು. ಬಾ ಬಾ, ಟಿವಿಯವರು ಕಾಯ್ತಿದಾರೆ."

ಬೇರೆಯವರ ತಲೆಗೆ ಪಾರ್ಲರಿನ ಹುಡುಗಿಯರು. ಅಧ್ಯಕ್ಷನ ತಲೆಗೆ ಮಾತ್ರ ಮಗುವನ್ನು ಕಳೆದುಕೊಂಡ ತಾಯಿಯೇ ಕ್ಷೌರದ ಯಂತ್ರ ಹಿಡಿಯಬೇಕೆನ್ನುವುದು ಅಲ್ಲಿಯ ಪದ್ಧತಿ. ಟಿವಿಯಲ್ಲಿ ಚೆನ್ನಾಗಿ ಕಾಣುತ್ತದಂತೆ. ಹ್ಯಾನ್ಲನ್ ಕುರ್ಚಿಯಲ್ಲಿ ಕೂತು, ಕೊರಳಿಗೆ ಬಟ್ಟೆ ಸುತ್ತಿಸಿಕೊಂಡು, "ನಮ್ಮ ಪುಟ್ಟ ವೀರ ಕೋಲಮ್" ಎಂದು ಮೈಕಿನಲ್ಲಿ ಗದ್ಗದನಾದ. ವೀರನಂತೆ! ಸೂಜಿ ಕಂಡರೆ ಕಿರುಚಿ ನರ್ಸಮ್ಮನ ಕೈ ಕಚ್ಚುತ್ತಿದ್ದ ಹುಡುಗ.

ನೋರೀನ್ ಹಣೆಯ ನಡುವಿನಿಂದ ಹಿಡಿದು ಬಲಗಡೆಯನ್ನಷ್ಟೇ ನುಣ್ಣಗೆ ಬೋಳಿಸಿದಳು. ಯಂತ್ರ ಆರಿಸಿದಳು.

"ಯಾಕೆ ನಿಲ್ಲಿಸಿದೆ?"

"ಮುಗೀತಲ್ಲ."

"ಈ ಕಡೆ?"

ಅವನ ಕೈಯಿಂದ ಮೈಕು ತೆಗೆದುಕೊಂಡಳು. "ಆ ಕಡೆ ಸುಳಿ ಇದೆ ಜೆರ್ರಿ, ಕಷ್ಟ. ಸುಲಭವಾಗಿದ್ದ ಕಡೆ ಮುಗಿಸಿದೀನಿ. ಕಷ್ಟದ್ದಕ್ಕೆ ನೀವು ದುಡ್ಡು ಕೊಡಲ್ವಂತೆ, ನಾನ್ಯಾಕೆ ಕೈ ಹಾಕ್ಲಿ?"

ಸಭೆ ಗೊಳ್ಳೆಂದಿತು. ಇದೂ ಕಾರ್ಯಕ್ರಮದ ತಮಾಷೆ ಎಂದುಕೊಂಡಿದ್ದರು ಪುಣ್ಯಾತ್ಮರು. ಅವಳು ಬಾಗಿಲಲ್ಲಿ ಕೇಳಿದ್ದನ್ನು ಒಂದಕ್ಷರ ಬಿಡದೆ ಹೇಳಿದಳು. ನಗು ನಿಂತಿತು.

"ಏ ಜೆರ್ರಿ, ಕೋಲಮ್ ಹೆಸರು ಹೇಳಿ ನನ್ ಜೇಬಿಗೆ ಕೈ ಹಾಕಿದ್ಯಲ್ಲೋ!" ಹಿಂದಿನ ಮೇಜಿನಿಂದ ಅಗ್ನಿಶಾಮಕದವನೊಬ್ಬ ಕೂಗಿದ.

ಹ್ಯಾನ್ಲನ್ ಪಕ್ಕದ ಪಾರ್ಲರ್ ಹುಡುಗಿಯತ್ತ ನೋಡಿದ. ಅವಳೂ ತನ್ನ ಯಂತ್ರ ಆರಿಸಿ ಕೈಕಟ್ಟಿ ನಿಂತಳು. ಟಿವಿಯವರ ದೀಪ ಬೋಳಾದ ಕಡೆ ಫಳಫಳ ಹೊಳೆಯುತ್ತಿತ್ತು.

"ಮಾನ ತೆಗೀಬೇಡ ಮಾರಾಯ್ತಿ," ಎಂದು ಪಿಸುಗುಟ್ಟಿದ. "ಆಮೇಲೆ ಕೂತು ಮಾತಾಡೋಣ."

"ಕೂತಿದೀಯಲ್ಲ. ಈಗಲೇ ಮಾತಾಡು, ಇದರಲ್ಲೇ." ಮೈಕನ್ನು ಬಾಯಿಗೆ ಹಿಡಿದಳು.

ಹ್ಯಾನ್ಲನ್ ಬೆವರೊರೆಸಿಕೊಂಡು ಹೇಳಿದ. ಕೋಲಮ್ ಹೆಸರಿನ ಅನುದಾನ ಕೋಲಮ್‌ನನ್ನು ಕೊಂದ ಗಡ್ಡೆಯ ಸಂಶೋಧನೆಗೇ ಹೋಗುತ್ತದೆ, ವೆಕ್ಸ್ಲರಳ ಕೆಲಸ ಮುಗಿಯುವವರೆಗೂ ಹೋಗುತ್ತದೆ, ಇದು ಇಡೀ ಊರಿನ ಮುಂದೆ ತನ್ನ ಮಾತು. ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು, ಅದೂ ಅವನಿಗೆ. ಎಂಥ ದೊಡ್ಡ ಮನಸ್ಸು ಎಂದು ಯಾರೋ ಕಣ್ಣೊರೆಸಿಕೊಂಡರು. ನೋರೀನ್ ಮೈಕು ಆರಿಸಿ ಪಕ್ಕಕ್ಕಿಟ್ಟಳು. ವಾರ್ಡು ತುಂಬ ಮಕ್ಕಳು ಸತ್ತಾಗ ಹೊರಡದ ಮಾತು, ಅರ್ಧ ತಲೆ ಟಿವಿಯಲ್ಲಿ ಬರುತ್ತದೆಂದಾಗ ಹೊರಟಿತ್ತು. ಇಂಥವನ ಕೈಯಿಂದಲೇ ಅಲ್ಲವೇ ಮಗನ ಹೆಸರು ಉಳಿಯಬೇಕಾದದ್ದು!

ಯಂತ್ರ ಹಚ್ಚಿ ಎಡಗಡೆಯನ್ನೂ ಮುಗಿಸತೊಡಗಿದಳು. ಚಪ್ಪಾಳೆಯ ಬಿಸಿಗೆ ಹ್ಯಾನ್ಲನ್ ಆಗಲೇ ಚೇತರಿಸಿಕೊಂಡಿದ್ದ. ತುಟಿ ಅಲುಗಿಸದೆ ಹೇಳಿದ: "ಜನಕ್ಕೆ ಎಷ್ಟು ಹಿಡಿಸ್ತು ನೋಡಿದ್ಯಾ? ಮುಂದಿನ ವರ್ಷಾನೂ ಹಿಂಗೇ ಮಾಡೋಣ ಕಣೇ."

"ಮಾಡೋಣ," ಎಂದಳು ನೋರೀನ್, ಅವನ ಕಿವಿಯ ಮೇಲಿನ ಕೊನೆಯ ಕೂದಲನ್ನು ಕೆಡವುತ್ತ. "ಚೆನ್ನಾಗಿ ಬೆಳೆಸಿಕೊಂಡು ಬಾ. ನಿನ್ನಲ್ಲಿ ನಮ್ಮ ಕೈಗೆ ಸಿಗೋದು ಅದೊಂದೇ."