ಇನ್ನೆಷ್ಟು ದಿನದ ಸೇವೆ

ಶನಿವಾರ ಬೆಳಿಗ್ಗೆ ಹತ್ತಕ್ಕೆಲ್ಲ ಪ್ರಚಾರ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಸರ್ರೆಯ ಆ ಅಂಗಡಿ ಸಾಲಿನಲ್ಲಿ ಎಡಕ್ಕೆ ಮಿಠಾಯಿ ಅಂಗಡಿ, ಬಲಕ್ಕೆ ಮದುವೆ ಬಟ್ಟೆಯ ಅಂಗಡಿ. ನಡುವಿನ ಖಾಲಿ ಮಳಿಗೆಯ ಗಾಜಿನ ಮೇಲೆ ಶಾಸಕಿ ಕುಲ್‌ಬೀರ್ ಕೌರ್ ಥಾಂಡಿಯ ನಗುಮುಖವನ್ನು ಆಳೆತ್ತರಕ್ಕೆ ಅಂಟಿಸಿದ್ದರು. ಒಳಗೆ ಏಲಕ್ಕಿ ಚಹಾದ ದೊಡ್ಡ ಪಾತ್ರೆ, ಸಮೋಸದ ಡಬ್ಬಗಳು, ಎಲ್ಲ ಮೇಜಿನ ಮೇಲೂ ಫೋನು.

ಮರುದಿನ ಮಧ್ಯಾಹ್ನ ಎರಡಕ್ಕೆ ಪಕ್ಷದ ಸದಸ್ಯರು ಸಭಾಂಗಣದಲ್ಲಿ ಸೇರಿ ಅಭ್ಯರ್ಥಿಯನ್ನು ಆರಿಸುವವರಿದ್ದರು. ಈ ಕ್ಷೇತ್ರದಲ್ಲಿ ಪಕ್ಷದ ಟಿಕೆಟ್ ಸಿಕ್ಕಿತೆಂದರೆ ಪ್ರಾಂತ್ಯದ ರಾಜಧಾನಿ ವಿಕ್ಟೋರಿಯಾದ ವಿಧಾನಸಭೆಯಲ್ಲಿ ಸ್ಥಾನ ಸಿಕ್ಕಿದಂತೆಯೇ. ಹೋದ ಸಲ ಕುಲ್‌ಬೀರ್ ಸುಲಭವಾಗಿ ಗೆದ್ದಿದ್ದಳು. ಈ ಸಲ ಟಿಕೆಟ್ಟಿಗೇ ಅದೇ ಪಕ್ಷದ ಒಬ್ಬ ವಕೀಲ ಎದುರು ನಿಂತಿದ್ದ.

"ವಕೀಲ ಸಮೋಸದ ಜೊತೆ ಜಿಲೇಬಿನೂ ಹಂಚ್ತಿದಾನಂತಮ್ಮ," ಎಂದರು ಅಜಾಯಬ್ ಸಿಂಗ್. ಮರದ ಮಿಲ್ಲಿನಿಂದ ನಿವೃತ್ತರಾದ ಮೇಲೆ ಅವರ ಬೆಳಗಿನ ಚಹಾ ಎಲ್ಲಿ ಚುನಾವಣೆಯಿದೆಯೋ ಅಲ್ಲಿಯೇ. "ನನ್ನ ಓಟು ನಿನಗೇ. ಹೊಟ್ಟೆ ಮಾತ್ರ ಆ ಕಡೆ ವಾಲ್ತಾ ಇದೆ."

"ಅಂಕಲ್, ನಿಮ್ಮ ಸಕ್ಕರೆ ಕಾಯಿಲೇನೂ ವಕೀಲರ ಕಡೆಗೇ ಕಳಿಸ್ಬಿಡಿ," ಎಂದು ಕುಲ್‌ಬೀರ್ ನಕ್ಕಳು. ನಗುತ್ತಲೇ ಅವಳ ಕಣ್ಣು ಕೋಣೆಯನ್ನೆಲ್ಲ ಸುತ್ತಿ ಬಂತು. ಯಾರು ಬಂದಿದ್ದಾರೆ, ಯಾರು ಬಂದಿಲ್ಲ, ಯಾರು ಮುಖ ತಿರುಗಿಸಿ ಮಾತಾಡುತ್ತಿದ್ದಾರೆ ಎಂದು ನೋಡುವುದು ನಾಲ್ಕು ವರ್ಷದಲ್ಲಿ ಅವಳಿಗೆ ಅಂಟಿದ್ದ ಅಭ್ಯಾಸ.

ಫೋನು ಮಾಡುತ್ತಿದ್ದವರೆಲ್ಲ ಊರಿನಿಂದ ಓದಲು ಬಂದ ಹುಡುಗ ಹುಡುಗಿಯರು. ಮೂಲೆಯ ಮೇಜಿನ ಹುಸನ್‌ಪ್ರೀತ್ ಮಾನ್ಸಾ ಜಿಲ್ಲೆಯ ಕಡೆಯವಳು. ಯಾರಿಗೂ ಫೋನಿಡಲು ಮನಸ್ಸಾಗದಂಥ ಮೃದು ಮಾತು ಅವಳದು. "ಎಂಥ ಮಕ್ಕಳನ್ನ ಹಿಡ್ಕೊಂಡು ಬಂದಿದೀಯೋ ಪಾಲಾ!" ಎಂದು ಕುಲ್‌ಬೀರ್ ಎಷ್ಟೋ ಸಲ ಮೈದುನ ಪಲ್ವಿಂದರನನ್ನು ಹೊಗಳಿದ್ದಳು. ಗಿಡಗಳ ನರ್ಸರಿ ನಡೆಸುತ್ತಿದ್ದ ಅವನೇ ಅವಳ ಪ್ರಚಾರದ ಬೆನ್ನೆಲುಬು. "ಸೇವೆ ಭಾಬೀ, ಸೇವೆ. ನಮ್ಮ ಮಕ್ಕಳ ರಕ್ತದಲ್ಲೇ ಇದೆ," ಎಂದು ಅವನು ಎದೆ ಮುಟ್ಟಿಕೊಳ್ಳುತ್ತಿದ್ದ.

ಅದು ಕುಲ್‌ಬೀರ್‌ಗೆ ಪ್ರಿಯವಾದ ಮಾತು. ಈ ದೇಶಕ್ಕೆ ಬಂದ ಹೊಸತರಲ್ಲಿ ಅವಳು ಗುರುದ್ವಾರದ ಅಡುಗೆಮನೆಯಲ್ಲಿ ತಟ್ಟೆ ತೊಳೆದಿದ್ದಳು, ಬಾಗಿಲಲ್ಲಿ ಜನರ ಚಪ್ಪಲಿ ಒರೆಸಿಟ್ಟಿದ್ದಳು. ಆಸ್ಪತ್ರೆಯಲ್ಲಿ ಅಜ್ಜಿಯರ ಪಕ್ಕ ನಿಂತು ಅವರ ನೋವನ್ನು ವೈದ್ಯರಿಗೆ ಇಂಗ್ಲಿಷಿನಲ್ಲಿ ಹೇಳಿದ್ದಳು. ಆ ಅಜ್ಜಿಯರೇ ಅವಳನ್ನು ಮೊದಲು ಶಾಲಾ ಮಂಡಳಿಗೆ, ಆಮೇಲೆ ವಿಧಾನಸಭೆಗೆ ಕಳಿಸಿದ್ದು. ಹೊಲದಲ್ಲಿ, ಗೋದಾಮಿನಲ್ಲಿ ದುಡಿಯುವವರ ಕೂಲಿ ತಪ್ಪಿಸುವ ಮಾಲೀಕರ ಬಗ್ಗೆ ವಿಧಾನಸಭೆಯಲ್ಲಿ ಅವಳು ಮಾಡಿದ ಮೊದಲ ಭಾಷಣವನ್ನು ಇಂದಿಗೂ ಜನ ನೆನೆಯುತ್ತಿದ್ದರು.

ಮಧ್ಯಾಹ್ನ ಅವಳು ಹಿಂದಿನ ಕೋಣೆಯಲ್ಲಿ ರೊಟ್ಟಿ ಮುರಿಯುತ್ತಿದ್ದಾಗ ಹುಸನ್‌ಪ್ರೀತ್ ಚಹಾ ತಂದಿಟ್ಟಳು. ಇಟ್ಟವಳು ಹೋಗಲಿಲ್ಲ.

"ಭೈಣ್‌ಜೀ, ಒಂದು ಮಾತು ಕೇಳ್ಲಾ? ಬೈಬಾರ್ದು."

"ಕೇಳಮ್ಮ."

"ನಂದು ಇನ್ನೆಷ್ಟು ದಿನದ ಸೇವೆ ಉಳಿದಿದೆ?"

ಕುಲ್‌ಬೀರ್‌ಗೆ ನಗು ಬಂತು. ಸೇವೆ ಮಾಡಿದೆ, ಮಾಡಬೇಕು, ಮಾಡುವ ಭಾಗ್ಯ ಸಿಕ್ಕಿತು ಎನ್ನುವವರನ್ನು ಅವಳು ಕೇಳಿದ್ದಳು. ಸೇವೆ ಉಳಿದಿದೆ ಎಂದವರನ್ನು ಹುಟ್ಟಿದಾಗಿನಿಂದ ಕೇಳಿರಲಿಲ್ಲ.

"ಉಳಿಯೋದು ಅಂದ್ರೆ?"

"ಪಲ್ವಿಂದರ್ ವೀರ್‌ಜೀ ಆರು ತಿಂಗ್ಳು ಅಂದಿದ್ರು. ಬೆಳಿಗ್ಗೆ ಅವರ ನರ್ಸರೀಲಿ, ಮಧ್ಯಾಹ್ನದಿಂದ ಇಲ್ಲಿ, ಶನಿವಾರ ಭಾನುವಾರ ಇಡೀ ದಿನ ಇಲ್ಲೇ. ಏಪ್ರಿಲಲ್ಲಿ ಬೈಸಾಖಿಗೆ ಆರು ತುಂಬ್ತು. ಈಗ ಜೂನು. ಮುಂದಿನ ತಿಂಗ್ಳು ಈ ದೇಶದಲ್ಲಿರೋ ನನ್ನ ಪರ್ಮಿಟ್ ಮುಗಿಯುತ್ತೆ. ಸೇವೆ ಮುಗಿದ ಮೇಲಲ್ವಾ ನೀವು ಪಕ್ಕಾ ಮಾಡಿಸೋದು?"

ಪಕ್ಕಾ ಆಗುವುದೆಂದರೆ ಈ ದೇಶದಲ್ಲಿ ಕಾಯಂ ಆಗಿ ನೆಲೆಸುವ ಪತ್ರ ಸಿಗುವುದು. ಊರಿನಿಂದ ಬಂದ ಎಲ್ಲ ಮಕ್ಕಳೂ ಕನಸಿನಲ್ಲಿ ಬಡಬಡಿಸುವ ಪದ ಅದೊಂದೇ. ಕುಲ್‌ಬೀರ್ ಕೈಯಲ್ಲಿದ್ದ ರೊಟ್ಟಿಯನ್ನು ತಟ್ಟೆಗಿಟ್ಟಳು.

"ನರ್ಸರೀಲಿ... ಸಂಬಳ?"

"ಸೇವೆ ಅಲ್ವಾ ಭೈಣ್‌ಜೀ?" ಹುಡುಗಿಗೇ ಆಶ್ಚರ್ಯವಾಯಿತು. "ಮಲಗೋಕೆ ಅವರ ನೆಲಮಾಳಿಗೇಲಿ ಜಾಗ ಕೊಟ್ಟಿದಾರೆ. ಕ್ಯಾಮ್‌ಲೂಪ್ಸ್ ಅನ್ನೋ ಊರಲ್ಲಿ ಒಂದು ಹೋಟೆಲಿನವರು ಪಕ್ಕಾ ಆಗೋ ಕಾಗದ ಪತ್ರ ಎಲ್ಲಾ ಮಾಡ್ಕೊಟ್ಟು ಕೆಲಸ ಕೊಡ್ತೀವಿ ಅಂದಿದ್ರು. ಅರ್ಧಕ್ಕೆ ಬಿಟ್ಟು ಹೋದ್ರೆ ಮಾಡಿದ ಸೇವೆನೂ ಹೋಗುತ್ತೆ ಅಂದ್ರು ವೀರ್‌ಜೀ. ಅದಕ್ಕೇ ಬೇಡ ಅಂದೆ. ನಿಮ್ಮ ಪತ್ರ ಹೇಗೂ ಇತ್ತಲ್ಲ."

"ನನ್ನ ಪತ್ರ?"

ಹುಸನ್‌ಪ್ರೀತ್ ಚೀಲದಿಂದ ಪ್ಲಾಸ್ಟಿಕ್ ಕವರೊಂದನ್ನು ತೆಗೆದು, ಕೈಯನ್ನು ಕುರ್ತಾಕ್ಕೆ ಒರೆಸಿಕೊಂಡು ಕಾಗದವನ್ನು ಹೊರಗೆಳೆದಳು. ಮೇಲೆ ಶಾಸಕರ ಮುದ್ರೆ. ಸೇವೆಯ ಅವಧಿ ಮುಗಿದ ಕೂಡಲೇ ಅರ್ಜಿದಾರಳ ಕಾಯಂ ವಾಸಕ್ಕೆ ಅನುಮೋದನೆ ನೀಡಲಾಗುವುದು ಎಂದು ಕೆಳಗೆ ನಾಲ್ಕು ಸಾಲು. ಅದರ ಕೆಳಗೆ ಸಹಿ. ಯಾರೋ ನಕಲು ಮಾಡಿದ ಸಹಿಯಲ್ಲ. ಅವಳದೇ.

ಯಾವಾಗ ಹಾಕಿದ್ದೆಂಬುದೂ ನೆನಪಾಯಿತು. ಯಾರದೋ ಮನೆಯಲ್ಲಿ ಧರ್ಮಗ್ರಂಥದ ಅಖಂಡ ಪಾಠ, ಯಾರದೋ ಮದುವೆಯ ಐವತ್ತನೇ ವರ್ಷ, ಯಾರದೋ ಸಾವು. ಎಲ್ಲರಿಗೂ ಶಾಸಕಿಯ ಪತ್ರ ಬೇಕು, ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಲು. ದ್ವೀಪದಲ್ಲಿದ್ದ ವಿಕ್ಟೋರಿಯಾಕ್ಕೆ ಹಡಗು ಹತ್ತುವ ಅವಸರದಲ್ಲಿ ಅವಳು ತನ್ನ ಮುದ್ರೆಯಿದ್ದ ಖಾಲಿ ಹಾಳೆಗಳ ಕಟ್ಟಿಗೇ ಸಹಿ ಹಾಕಿ ಪಲ್ವಿಂದರನ ಕೈಗೆ ಕೊಡುತ್ತಿದ್ದಳು. ಒಂದು ದಿನವೂ ಎಷ್ಟು ಹಾಳೆ ಖರ್ಚಾಯಿತು, ಯಾರಿಗೆ ಹೋಯಿತು ಎಂದು ಕೇಳಿರಲಿಲ್ಲ.

"ಸಹಿ ನಿಮ್ಮದೇ ತಾನೇ ಭೈಣ್‌ಜೀ?" ಹುಡುಗಿಯ ಧ್ವನಿ ಸಣ್ಣದಾಯಿತು.

"ನಂದೇ," ಎಂದಳು ಕುಲ್‌ಬೀರ್. ಎದ್ದು ಹಿಂದಿನ ಬಾಗಿಲಿನ ಕಡೆ ನಡೆದಳು.

ಪಲ್ವಿಂದರ ಹಿಂದಿನ ಅಂಗಳದಲ್ಲಿ ವ್ಯಾನಿಗೆ ಫಲಕಗಳನ್ನು ಹೇರಿಸುತ್ತಿದ್ದ. ಅವಳು ಕೇಳಿದಾಗ ಅವನು ಸುಳ್ಳು ಹೇಳಲಿಲ್ಲ. ಹೇಳಬೇಕೆಂದೂ ಅವನಿಗೆ ಅನಿಸಿದಂತಿರಲಿಲ್ಲ.

"ಅವಳೊಬ್ಳೇ ಅಲ್ಲ ಭಾಬೀ, ಹದಿಮೂರು ಜನ. ಇಲ್ದಿದ್ರೆ ಇಷ್ಟು ಫೋನು ಯಾರು ಮಾಡ್ತಿದ್ರು ಅಂದ್ಕೊಂಡೆ?"

"ಪಕ್ಕಾ ಮಾಡೋದು ಒಟ್ಟಾವಾದ ಕೇಂದ್ರ ಸರ್ಕಾರದವರ ಕೆಲಸ ಕಣೋ! ಪ್ರಾಂತ್ಯದ ಶಾಸಕಿ ಸಹಿಗೆ ಅಲ್ಲಿ ಮೂರು ಕಾಸಿನ ಬೆಲೆ ಇಲ್ಲ. ನಿಂಗೆ ಗೊತ್ತಿಲ್ವಾ?"

"ನಂಗೆ ಗೊತ್ತು. ಅವರಿಗೆ ಗೊತ್ತಿಲ್ಲ." ಅವನು ಕೈ ಕೊಡವಿಕೊಂಡ. "ನಾನು ಬಂದಾಗ ಸೋದರಮಾವನ ಹಸುವಿನ ಡೈರೀಲಿ ಎರಡು ವರ್ಷ ಸಗಣಿ ಬಾಚ್ದೆ. ಒಂದು ಹೊತ್ತಿನ ರೊಟ್ಟಿ, ಒದೆಯೋ ಮಾತು. ಅದನ್ನೂ ಸೇವೆ ಅಂತಲೇ ಅಂದ್ರು. ನಾನು ಸತ್ತು ಹೋದ್ನಾ? ಇವತ್ತು ನನ್ನ ನರ್ಸರಿ ನೋಡು. ಎಲ್ಲರೂ ಹೀಗೇ ಮೇಲೆ ಬಂದಿದ್ದು."

"ನಿನ್ನ ಮಾವ ನಿನ್ನನ್ನ ಪಕ್ಕಾ ಮಾಡಿಸಿದ್ರು ಪಾಲಾ. ಈ ಮಕ್ಕಳಿಗೆ ಏನು ಕೊಡ್ತೀಯ?"

ಅವನು ಇನ್ನೊಂದು ಫಲಕ ಎತ್ತಿ ವ್ಯಾನಿನೊಳಗೆ ತಳ್ಳಿದ. ಮೊದಲಿಗಿಂತ ಮೆಲ್ಲಗೆ, "ನೀನು ಯಾವತ್ತಾದ್ರೂ ಕೇಳಿದ್ಯಾ ಭಾಬೀ? ಬಂದೆ, ಹೊಗಳಿದೆ, ಹೋದೆ. ನಾಳೆ ಎರಡು ಗಂಟೆ ಒಂದು ಕಳೀಲಿ. ಆಮೇಲೆ ಏನು ಬೇಕಾದ್ರೂ ಮಾಡು. ಇವತ್ತು ಬಾಯಿ ಬಿಟ್ಟೆ ಅಂದ್ರೆ ನಾಲ್ಕು ವರ್ಷ ಕಟ್ಟಿದ್ದೆಲ್ಲ ಆ ವಕೀಲನ ಪಾಲು," ಎಂದ.

ಕುಲ್‌ಬೀರ್ ಒಳಗೆ ಹೋದಳು. ಕುರ್ಚಿಯಲ್ಲಿ ಕುಳಿತಳು. ಬಾಯಿ ಬಿಡಲಿಲ್ಲ. ಸಂಜೆಯವರೆಗೂ ಸದಸ್ಯರಿಗೆ ಫೋನು ಮಾಡಿ ಅವರ ಮೊಣಕಾಲು, ಮೊಮ್ಮಕ್ಕಳು, ಮನೆ ತೆರಿಗೆ ಎಲ್ಲವನ್ನೂ ವಿಚಾರಿಸಿದಳು. ತನ್ನ ಧ್ವನಿ ಒಂದಿಷ್ಟೂ ನಡುಗದಿದ್ದುದು ಅವಳಿಗೇ ಭಯ ಹುಟ್ಟಿಸಿತು.

ಭಾನುವಾರ ಹನ್ನೊಂದಕ್ಕೆ ಕೇಸರಿ ದುಪಟ್ಟಾ ಹೊದ್ದು, ಎಂಟು ನಿಮಿಷದ ಭಾಷಣವನ್ನು ಚೀಲದಲ್ಲಿಟ್ಟುಕೊಂಡು ಅವಳು ಕಚೇರಿಗೆ ಬಂದಳು. ಕೊನೆಯ ಸುತ್ತಿನ ಫೋನುಗಳು ನಡೆಯುತ್ತಿದ್ದವು. ಹುಸನ್‌ಪ್ರೀತ್ ಇವಳಿಗೆ ಬೆನ್ನು ಮಾಡಿ ಕುಳಿತಿದ್ದಳು.

"ಬರ್ಲೇಬೇಕು ಅಂಕಲ್‌ಜೀ. ಅಯ್ಯೋ, ಎಲ್ಲ ರಾಜಕಾರಣಿಗಳೂ ಒಂದೇ ಅಂತ ಹೇಗೆ ಅಂತೀರಾ? ನನ್ನೇ ನೋಡಿ. ನನಗೆ ಈ ಊರಲ್ಲಿ ಯಾರೂ ಇಲ್ಲ. ಭೈಣ್‌ಜೀ ನನ್ನ ಪಕ್ಕಾ ಮಾಡಿಸ್ಕೊಡ್ತಿದಾರೆ. ಕಾಗದದಲ್ಲಿ ಬರ್ದು ಸಹಿ ಹಾಕಿ ಕೊಟ್ಟಿದಾರೆ. ನಿಮ್ಮ ಮಗಳು ಹೇಳ್ತಿದೀನಿ ಅಂತ ತಿಳ್ಕೊಂಡು ಬನ್ನಿ."

ಯಾರೂ ಹೇಳಿಕೊಟ್ಟ ಮಾತಲ್ಲ ಅದು. ಆ ಹುಡುಗಿ ನಂಬಿ ಆಡಿದ ಮಾತು. ಕುಲ್‌ಬೀರ್ ಮೇಜಿನ ಅಂಚನ್ನು ಹಿಡಿದು ನಿಂತಳು.

"ಫೋನಿಡು ಮಗಳೇ," ಎಂದಳು. "ಎಲ್ಲರೂ ಇಡಿ."

ಗದ್ದಲ ಒಂದೊಂದೇ ಮೇಜಿನಿಂದ ಆರಿತು.

"ರಸ್ತೆ, ಶಾಲೆ, ಆಸ್ಪತ್ರೆ, ಕೂಲಿ, ಇಷ್ಟು ನನ್ನ ಕೈಲಿರೋದು. ಈ ದೇಶದಲ್ಲಿ ಯಾರಿರ್ಬೇಕು ಅನ್ನೋದು ನನ್ನ ಕೈಲಿಲ್ಲ. ಯಾವತ್ತೂ ಇರ್ಲಿಲ್ಲ. ನಿಮ್ಮ ಹತ್ರ ಇರೋ ಪತ್ರದಿಂದ ಯಾರೂ ಪಕ್ಕಾ ಆಗಲ್ಲ."

ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಹಿಂದಿನ ಮೇಜಿನ ಹುಡುಗನೊಬ್ಬ ಮಾತ್ರ, "ಅಮ್ಮ ಊರಲ್ಲಿ ಸಿಹಿ ಹಂಚಿದಾಳೆ," ಎಂದು ಯಾರಿಗೂ ಅಲ್ಲದಂತೆ ಹೇಳಿದ. ಹುಸನ್‌ಪ್ರೀತ್ ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೇ ಇದ್ದಳು.

ಪಲ್ವಿಂದರ ಬಾಗಿಲಲ್ಲಿ ನಿಂತು ಕೇಳಿಸಿಕೊಂಡಿದ್ದ. "ಹಾಳು ಮಾಡಿದೆ ಭಾಬೀ," ಎಂದು ಹೊರಟು ಹೋದ. ಅಜಾಯಬ್ ಸಿಂಗ್ ಚಹಾದ ಲೋಟ ಕೆಳಗಿಟ್ಟು, ಗೋಡೆಗೆ ಒರಗಿಸಿದ್ದ ಕುರ್ಚಿಗಳನ್ನು ತಂದು ದೊಡ್ಡ ಮೇಜಿನ ಸುತ್ತ ಒಂದೊಂದಾಗಿ ಬಿಡಿಸಿಟ್ಟರು. ಅವರು ಒಂದೂ ತಮಾಷೆ ಮಾಡದ ದಿನ ಅದು.

ಕುಲ್‌ಬೀರ್ ನಕಲು ಯಂತ್ರದಿಂದ ಹದಿಮೂರು ಪ್ರತಿ ತೆಗೆದು ತಂದಳು. ಕಾರ್ಮಿಕ ಇಲಾಖೆಯ ದೂರಿನ ಅರ್ಜಿ. "ಪಕ್ಕಾ ವಿಷಯಕ್ಕೆ ಒಳ್ಳೆ ವಕೀಲರನ್ನ ಹುಡುಕಿ ಕೊಡ್ತೀನಿ. ಆಗುತ್ತೋ ಇಲ್ವೋ, ಮಾತು ಕೊಡಲ್ಲ. ಕೂಲಿ ಮಾತ್ರ ನಿಮ್ಮದು. ಮಾಡಿದ ಕೆಲಸ ಎಲ್ಲಾ ಬರೀರಿ. ನರ್ಸರೀದೂ, ಇಲ್ಲೀದೂ."

ಅವಳು ಹುಸನ್‌ಪ್ರೀತ್ ಪಕ್ಕದಲ್ಲಿ ಕುಳಿತಳು. ಹುಡುಗಿ ಹೆಸರು ಬರೆದಳು, ಹುಟ್ಟಿದ ದಿನ ಬರೆದಳು, ದುಡಿದ ತಿಂಗಳುಗಳನ್ನು ಬರೆದಳು. ಬರೆಯುತ್ತಿದ್ದಂತೆ ಕಣ್ಣೀರು ತಾನಾಗಿ ಇಳಿಯುತ್ತಿತ್ತು. ಅವಳು ಅದನ್ನು ಒರೆಸಿಕೊಳ್ಳುತ್ತಲೂ ಇರಲಿಲ್ಲ. ಮಾಲೀಕರ ಹೆಸರು ಎಂದಿದ್ದ ಕಡೆ ಪೆನ್ನು ನಿಂತಿತು.

"ಎರಡು ಜಾಗ ಇದೆ ಭೈಣ್‌ಜೀ. ಒಂದು ವೀರ್‌ಜೀದು. ಇನ್ನೊಂದು?"

ಒಂದೂಮುಕ್ಕಾಲಾಗಿತ್ತು. ಸಭಾಂಗಣದಿಂದ ಮೂರನೇ ಸಲ ಫೋನು ಬರುತ್ತಿತ್ತು. ಕುಲ್‌ಬೀರ್ ಅದನ್ನು ಮಗುಚಿಟ್ಟಳು.

"ಬರಿ. ಕುಲ್‌ಬೀರ್ ಥಾಂಡಿ."

ಹುಡುಗಿ ತಲೆಯೆತ್ತಿ ಅವಳನ್ನೇ ನೋಡಿದಳು. ಆಮೇಲೆ ನಿಧಾನವಾಗಿ ಬರೆದಳು. ಕುಲ್‌ಬೀರ್ ಬಗ್ಗಿ ನೋಡಿ, ಎರಡು ಪದಗಳ ನಡುವೆ ಬೆರಳಿಟ್ಟಳು.

"ಮಧ್ಯದಲ್ಲಿ ಕೌರ್ ಅಂತ ಸೇರ್ಸು. ಈ ಊರಲ್ಲಿ ನಾಲ್ಕು ಜನ ಕುಲ್‌ಬೀರ್ ಥಾಂಡಿ ಇದಾರೆ, ಮೂರು ಜನ ಗಂಡಸ್ರು, ಕೌರ್ ಇರೋಳು ನಾನೊಬ್ಳೇ. ಇಲಾಖೆ ನೋಟೀಸು ತಪ್ಪು ಮನೆಗೆ ಹೋಗ್ಬಾರ್ದು."